ಪಾತ್ರನಿಕುಬ್ಜನವೂ ಬ್ರಹ್ಮದೇಶದ ದೇಶಾಂತರವಾಸಿಗಳ ವಾದವೂ

ಬ್ರಹ್ಮದೇಶದಲ್ಲಿ ೧೯೬೨ನೆಯ ಇಸವಿ ಮಾರ್ಚಿ ೨ನೆಯ ತಾರೀಖು ಸೇನಾಪತಿಯಾದ ನೆ ವಿನ್ ಎಂಬವನು ಮಂತ್ರಿಮಂಡಲವನ್ನು ಸೆರೆಯಲ್ಲಿಟ್ಟು ರಾಜ್ಯಸೂತ್ರವನ್ನು ಕೈಗೆ ತೆಗೆದುಕೊಂಡ ಸಂಗತಿಯು ವಾಚಕರಿಗೆ ವಿದಿತವೇ ಇದೆ. ಅಂದಿನಿಂದ ಆ ನಾಡನ್ನು ಬಿಟ್ಟು ಹೊರಗೆ ನೆಲಸಿದವರ ಒಂದು ಪರಂಪರೆಯೇ ಬೆಳೆದುಬಂದಿದೆ. ಬ್ಯಾಂಗ್‌ಕಾಕ್, ಚಿಯಂಗ್ ಮಾಯ್, ದೆಹಲಿ, ಲಂಡನ್ನು, ಓಸ್ಲೋ, ವಾಷಿಂಗ್ಟನ್ನು ಎಂಬೀ ಪಟ್ಟಣಗಳಲ್ಲಿ ಚೆದರಿಹೋದ ಇವರು ಭಾಷೆ, ಕುಲ, ಮತಗಳಲ್ಲಿ ಒಬ್ಬರಂತೆ ಒಬ್ಬರಲ್ಲ. ಆದರೆ ಒಂದು ವಾದವು ಮಾತ್ರ ಇವರೆಲ್ಲರ ನಡುವೆ ಎಡೆಬಿಡದೆ ನಡೆದಿದೆ. ನಾಡಿನೊಳಗಿನ ಜನರು ಬೀದಿಗಿಳಿದು ಸೇನಾಡಳಿತವನ್ನು ಪ್ರತಿಭಟಿಸುವುದು ಯುಕ್ತವೇ ಅಯುಕ್ತವೇ, ಯುಕ್ತವಾದರೆ ಅದಕ್ಕೆ ಕರೆಕೊಡುವ ಅಧಿಕಾರವು ಯಾರದು, ಎಂಬುದೇ ಆ ವಾದ.

ರಾಜಕಾರಣದಲ್ಲಿ ನಮಗೆ ಪರಿಶ್ರಮವಿಲ್ಲ. ಆದರೆ ೨೦೦೭ನೆಯ ಇಸವಿಯಲ್ಲಿ ಆ ನಾಡಿನ ಭಿಕ್ಷುಗಳು ಸೇನಾಧಿಕಾರಿಗಳ ವಿಷಯದಲ್ಲಿ ಭಿಕ್ಷಾಪಾತ್ರೆಯನ್ನು ಬೋರಲುಹಾಕಿದರೆಂಬ ವಾರ್ತೆಯು ಹರಡಿದಾಗ, ದೇಶಾಂತರವಾಸಿಗಳ ಪಂಗಡಗಳೆಲ್ಲವೂ ಆ ಕರ್ಮವನ್ನು ತಂತಮ್ಮ ಪಕ್ಷಕ್ಕೆ ಪ್ರಮಾಣವಾಗಿ ಹಿಡಿದವು. ಅದರ ಶಾಸ್ತ್ರಾರ್ಥವನ್ನು ನೋಡಿದವರು ವಿರಳ. ಅದನ್ನು ನೋಡಿದಲ್ಲಿ ಅವರ ವಾದಕ್ಕೇ ಒಂದು ಬೆಳಕು ದೊರೆಯುವುದೆಂದು ನಮಗೆ ತೋರುವುದರಿಂದ ಈ ಲೇಖನವನ್ನು ಬರೆದಿದೆ.

ಪಾಲಿಯಲ್ಲಿ ಪತ್ತನಿಕ್ಕುಜ್ಜನವೆಂದೂ ಸಂಸ್ಕೃತದಲ್ಲಿ ಪಾತ್ರನಿಕುಬ್ಜನವೆಂದೂ ಕರೆಯಲ್ಪಡುವ ಈ ಕರ್ಮದ ಮೂಲವು ವಿನಯಪಿಟಕದ ಚುಲ್ಲವಗ್ಗದಲ್ಲಿದೆ. ಲಿಚ್ಛವಿಕುಲದ ವಡ್ಢನೆಂಬ ಗೃಹಸ್ಥನು ದುರ್ಜನರಾದ ಕೆಲವರು ಭಿಕ್ಷುಗಳ ಮಾತಿಗೆ ಕಿವಿಗೊಟ್ಟು, ದಬ್ಬ ಮಲ್ಲಪುತ್ತನೆಂಬ ನಿರ್ದೋಷಿಯಾದ ಭಿಕ್ಷುವಿನ ಮೇಲೆ ತನ್ನ ಪತ್ನಿಯನ್ನು ದೂಷಿಸಿದನೆಂಬ ಅಪವಾದವನ್ನು ಹೊರಿಸಿದನು. ವಿಚಾರಣೆಯಲ್ಲಿ ಅದು ಸುಳ್ಳೆಂದು ತಿಳಿಯಲು, ಸಂಘವು ಅವನ ವಿಷಯದಲ್ಲಿ ಪಾತ್ರವನ್ನು ಬೋರಲಿಡಬೇಕೆಂದು ಬುದ್ಧನು ವಿಧಿಸಿದನು. ಅಂದರೆ ಅವನ ಮನೆಯ ದಾನವನ್ನು ಯಾವ ಭಿಕ್ಷುವೂ ಸ್ವೀಕರಿಸತಕ್ಕುದಲ್ಲ. ಪಾತ್ರೆಯನ್ನು ನಿಜವಾಗಿಯೇ ಕವುಚಬೇಕೆಂಬ ನಿಯಮವಿಲ್ಲವೆಂದೂ ದಾನವನ್ನು ಒಲ್ಲದಿರುವುದೇ ನಿಕುಬ್ಜನವೆಂದೂ ಅಟ್ಠಕಥಾಕಾರರು ವ್ಯಾಖ್ಯಾನಮಾಡಿರುತ್ತಾರೆ. ಭಿಕ್ಷುಗಳಿಗೆ ಲಾಭವಾಗದಂತೆ ಯತ್ನಿಸುವುದು, ಅವರಿಗೆ ಅನರ್ಥವನ್ನು ಬಯಸುವುದು, ಅವರ ವಾಸಕ್ಕೆ ಎಡೆಯಿಲ್ಲದಂತೆ ಮಾಡುವುದು, ಅವರನ್ನು ಬೈಯುವುದು, ಅವರಲ್ಲಿ ಭೇದವನ್ನು ಹುಟ್ಟಿಸುವುದು, ಬುದ್ಧ ಧರ್ಮ ಸಂಘಗಳೆಂಬ ಮೂರನ್ನು ನಿಂದಿಸುವುದು, ಹೀಗೆ ಎಂಟು ದೋಷಗಳು ಈ ಕರ್ಮಕ್ಕೆ ನಿಮಿತ್ತಗಳೆಂದು ಎಣಿಸಲ್ಪಟ್ಟಿವೆ.

ಆನಂದನು ವಡ್ಢನ ಮನೆಗೆ ಹೋಗಿ ಈ ಸುದ್ದಿಯನ್ನು ತಿಳಿಸಿದೊಡನೆ ಅವನು ನಿಂತಲ್ಲಿಯೇ ಮೂರ್ಛಿತನಾಗಿ ಬಿದ್ದನೆಂದು ಪಿಟಕವು ಹೇಳುತ್ತದೆ. ಅವನಿಗೆ ದಂಡ ವಿಧಿಸಿದವರಿಲ್ಲ, ಅವನ ಸೊತ್ತನ್ನು ಕಸಿದವರಿಲ್ಲ. ಕೊಡುವ ಕೈಯನ್ನು ಹಿಡಿಯುವವರಿಲ್ಲವಾಯಿತು, ಅಷ್ಟೇ. ಆಮೇಲೆ ಬಂಧುಮಿತ್ರರು ಸಮಾಧಾನ ಹೇಳಲು, ಅವನು ಒದ್ದೆಬಟ್ಟೆಯಲ್ಲಿ, ಒದ್ದೆಗೂದಲಲ್ಲಿ ಬಂದು ಪಾದಕ್ಕೆರಗಿ ತಪ್ಪನ್ನು ಒಪ್ಪಿಕೊಂಡನು; ಸಂಘವು ಪಾತ್ರವನ್ನು ಮತ್ತೆ ನೆಟ್ಟಗಿಟ್ಟಿತು. ಇದಕ್ಕೆ ಉಕ್ಕುಜ್ಜನವೆಂದು ಹೆಸರು.

ನಮ್ಮ ಧರ್ಮಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ನೆನಪಿಗೆ ಬಾರದಿರದು. ಪತಿತನಾದವನನ್ನು ಬಹಿಷ್ಕರಿಸುವಾಗ ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸತಕ್ಕುದೆಂದು ಅಲ್ಲಿ ವಿಧಿಯಿದೆ. ಅವನು ಪ್ರಾಯಶ್ಚಿತ್ತ ಮಾಡಿಕೊಂಡ ಬಳಿಕ ಬಂಧುಗಳು ಅವನೊಡನೆ ಮಿಂದು ಹೊಸ ಕೊಡವನ್ನು ನೀರಿನಲ್ಲಿ ಹಾಕಬೇಕು. ಎರಡು ಕಡೆಯಲ್ಲಿಯೂ ಪಾತ್ರೆಯು ಉರುಳುತ್ತದೆ, ಎರಡು ಕಡೆಯಲ್ಲಿಯೂ ಹಿಂದಿರುಗುವ ದಾರಿಯು ತೆರೆದಿರುತ್ತದೆ. ಭೇದವೂ ಉಂಟು. ಮನುವಿನಲ್ಲಿ ಪತಿತನನ್ನು ಸತ್ತವನಂತೆ ಎಣಿಸಿ ಜಲಕರ್ಮವನ್ನು ಮಾಡಿಬಿಡುತ್ತಾರೆ. ವಿನಯದಲ್ಲಿ ಅವನು ಬದುಕಿರುವ ಉಪಾಸಕನೇ, ಪುಣ್ಯಾರ್ಜನೆಯ ಬಾಗಿಲು ಮಾತ್ರ ಮುಚ್ಚಿದೆ.

ಬ್ರಹ್ಮದೇಶದಲ್ಲಿ ಈ ಬಾಗಿಲು ಎಷ್ಟು ದೊಡ್ಡದೆಂಬುದನ್ನು ಅರಿಯದೆ ಮುಂದಿನ ಕಥೆಯು ತಿಳಿಯದು. ಅಲ್ಲಿ ರಾಜರು ವಿಹಾರಗಳನ್ನು ಕಟ್ಟಿಸಿ ಭಿಕ್ಷುಗಳಿಗೆ ದಾನಮಾಡಿಯೇ ತಮ್ಮ ಆಳ್ವಿಕೆಗೆ ಧರ್ಮದ ಮುದ್ರೆಯನ್ನು ಪಡೆಯುತ್ತಿದ್ದರು. ಸೇನಾಪತಿಗಳೂ ಅದೇ ದಾರಿಯನ್ನು ಹಿಡಿದರು. ಸಿಪಾಯಿಯ ಮನೆಯಲ್ಲಿಯೂ ಮಗನ ಪ್ರವ್ರಜ್ಯೆಗೆ, ತಂದೆಯ ಉತ್ತರಕ್ರಿಯೆಗೆ ಭಿಕ್ಷುವು ಬರಲೇಬೇಕು.

ಇನ್ನು ದೇಶಾಂತರವಾಸಿಗಳ ಚರಿತ್ರೆಗೆ ಬರೋಣ. ಇವರಲ್ಲಿ ಮೊದಲಿಗನೆಂದು ಎಣಿಸತಕ್ಕವನು ಪದಚ್ಯುತನಾದ ಪ್ರಧಾನಮಂತ್ರಿ ಊ ನು. ಆತನು ೧೯೬೯ರಲ್ಲಿ ನಾಡನ್ನು ಬಿಟ್ಟು, ಲಂಡನ್ನಿನಲ್ಲಿ ತಾನೇ ನ್ಯಾಯಸಮ್ಮತನಾದ ಪ್ರಧಾನಿಯೆಂದು ಸಾರಿ, ಥಾಯ್ ದೇಶದ ಗಡಿಯಲ್ಲಿ ಕರೆನ್ ಮತ್ತು ಮೊನ್ ಪಂಗಡದವರೊಡನೆ ಕೂಡಿ ಸೈನ್ಯವನ್ನು ಕಟ್ಟಿದನು. ಒಕ್ಕೂಟದಿಂದ ಬೇರೆಯಾಗುವ ಹಕ್ಕನ್ನು ಆ ಪಂಗಡಗಳಿಗೆ ಕೊಡಲು ಮನಸ್ಸೊಡಂಬಡದೆ ೧೯೭೨ರಲ್ಲಿ ನಾಯಕತ್ವವನ್ನು ಬಿಟ್ಟನು. ಬಳಿಕ ನಮ್ಮ ಭೋಪಾಲದಲ್ಲಿ ಕೆಲವು ಕಾಲ ವಾಸವಾಗಿದ್ದು, ೧೯೮೦ರಲ್ಲಿ ಕ್ಷಮಾದಾನ ದೊರೆಯಲು ಹಿಂದಿರುಗಿ ಪಿಟಕಗಳ ಭಾಷಾಂತರ ಕಾರ್ಯದಲ್ಲಿ ತೊಡಗಿದನು. ಆತನು ಹೊರಗಿದ್ದಾಗಲೇ, ೧೯೭೪ರ ಡಿಸೆಂಬರಿನಲ್ಲಿ, ವಿಶ್ವಸಂಸ್ಥೆಯ ಮುಖ್ಯ ಕಾರ್ಯದರ್ಶಿಯಾಗಿದ್ದ ಊ ಥಾಂಟನ ಶವವನ್ನು ರಂಗೂನಿನ ವಿದ್ಯಾರ್ಥಿಗಳೂ ಭಿಕ್ಷುಗಳೂ ಹೊತ್ತೊಯ್ದು, ೧೯೬೨ರಲ್ಲಿ ಸೇನೆಯು ಸಿಡಿಸಿ ಕೆಡವಿದ್ದ ವಿದ್ಯಾರ್ಥಿಸಂಘದ ಮಂದಿರದ ನಿವೇಶನದಲ್ಲಿ ಹೂಳಿದರು. ಆ ಕಾರ್ಯಕ್ಕೆ ಹೊರಗಿನ ಯಾವ ನಾಯಕನ ಕರೆಯೂ ಕಾರಣವಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

೧೯೮೮ರಲ್ಲಿಯೂ ಹಾಗೆಯೇ. ಆಗಸ್ಟ್ ೮ನೆಯ ತಾರೀಖಿನ ಮಹಾಮುಷ್ಕರವನ್ನು ನಿಶ್ಚಯಿಸಿದವರು ಒಳಗಿನ ವಿದ್ಯಾರ್ಥಿಗಳು. ಆದರೆ ಆ ಮಾತು ಲಂಡನ್ನಿಗೆ ಹೋಗಿ, ಬಿ.ಬಿ.ಸಿ.ಯ ಬರ್ಮೀಭಾಷೆಯ ಪ್ರಸಾರದಲ್ಲಿ ತಿರುಗಿ ಬಂದು ಹಳ್ಳಿಹಳ್ಳಿಯನ್ನು ಮುಟ್ಟಿತು. ಆ ವರ್ಷ ಸುಮಾರು ಮೂರು ಸಾವಿರ ಜನರು ಮಡಿದರೆಂಬ ಅಂದಾಜು ಪ್ರಚಲಿತವಾಗಿದೆ; ಸರ್ಕಾರವು ಒಪ್ಪಿದ್ದು ಕೆಲವು ನೂರು ಮಾತ್ರ. ಸೆಪ್ಟೆಂಬರು ೧೮ರಂದು ಸೇನೆಯು ಹೊಸ ಹೆಸರಿನಲ್ಲಿ ಅಧಿಕಾರವನ್ನು ಹಿಡಿಯಲು, ಸಾವಿರಾರು ವಿದ್ಯಾರ್ಥಿಗಳು ಗಡಿಯ ಕಾಡುಗಳನ್ನು ಸೇರಿದರು. ೧೯೯೦ರ ಮೇ ೨೭ರ ಚುನಾವಣೆಯಲ್ಲಿ ೪೮೫ ಸ್ಥಾನಗಳ ಪೈಕಿ ೩೯೨ನ್ನು ಗೆದ್ದ ಪಕ್ಷಕ್ಕೆ ಅಧಿಕಾರವು ದೊರೆಯಲಿಲ್ಲ. ಗೆದ್ದವರಲ್ಲಿ ಕೆಲವರು ಗಡಿಯ ಮಾನೆರ್‌ಪ್ಲಾ ಎಂಬಲ್ಲಿ ಆ ವರ್ಷದ ಡಿಸೆಂಬರಿನಲ್ಲಿ, ಆಂಗ್ ಸಾನ್ ಸೂ ಚಿಯ ದಾಯಾದಿಯಾದ ಸೇನ್ ವಿನ್ನನನ್ನು ಮುಂದಿಟ್ಟುಕೊಂಡು ನಿರ್ವಾಸಿತ ಸರ್ಕಾರವೊಂದನ್ನು ಸ್ಥಾಪಿಸಿದರು.

ಭಿಕ್ಷುಗಳು ಪಾತ್ರವನ್ನು ಬೋರಲಿಟ್ಟದ್ದು ಇದೇ ವರ್ಷದಲ್ಲಿ. ಆಗಸ್ಟ್ ೮ರಂದು ಮಂಡಾಲೆಯ ಬೀದಿಯಲ್ಲಿ ಮೌನವಾಗಿ ಭಿಕ್ಷೆಗೆ ಹೊರಟ ಭಿಕ್ಷುಗಳ ಸಮೂಹದ ಮೇಲೆ ಸೈನಿಕರು ಗುಂಡು ಹಾರಿಸಿದರು. ಆ ತಿಂಗಳ ೨೭ರಂದು ಮಂಡಾಲೆಯಲ್ಲಿ ಸಹಸ್ರಾರು ಭಿಕ್ಷುಗಳು ನೆರೆದು, ಸೈನಿಕರಿಂದಲೂ ಅವರ ಕುಟುಂಬಗಳಿಂದಲೂ ದಾನವನ್ನು ಸ್ವೀಕರಿಸಕೂಡದೆಂದು ನಿರ್ಣಯಿಸಿದರು. ಸೇನಾಪತಿಗಳಿಗೆ ಇದು ಮುಷ್ಕರಕ್ಕಿಂತ ಹೆಚ್ಚಾಗಿ ತಟ್ಟಿತೆಂಬುದಕ್ಕೆ ಅವರ ಆಜ್ಞೆಗಳೇ ಸಾಕ್ಷಿ. ಅಕ್ಟೋಬರಿನಲ್ಲಿ ಸ್ವತಂತ್ರವಾದ ಭಿಕ್ಷುಸಂಸ್ಥೆಗಳೆಲ್ಲವೂ ನಿಷಿದ್ಧವಾದವು. ವಿಹಾರಗಳಿಗೆ ಸೈನಿಕರು ನುಗ್ಗಿದರು. ನೂರಾರು ಭಿಕ್ಷುಗಳು ಕಾಷಾಯವನ್ನು ಕಳಚಿ ಸೆರೆಮನೆಯನ್ನು ಸೇರಬೇಕಾಯಿತು.

ಎರಡನೆಯ ಸಲ ೨೦೦೭ರಲ್ಲಿ. ಆಗಸ್ಟ್ ೧೫ರಂದು ಸರ್ಕಾರವು ಎಣ್ಣೆಯ ಬೆಲೆಯನ್ನು ಇಮ್ಮಡಿಸಿ, ಮೋಟಾರುಗಳಿಗೆ ಬೇಕಾದ ಅನಿಲದ ಬೆಲೆಯನ್ನು ಐದುಮಡಿಯಾಗಿ ಏರಿಸಿತು. ಮೊದಲು ಮೆರವಣಿಗೆ ಹೊರಟ ೧೯೮೮ರ ವಿದ್ಯಾರ್ಥಿನಾಯಕರು ಒಂದು ವಾರದೊಳಗೆ ಬಂಧಿತರಾದರು. ಸೆಪ್ಟೆಂಬರು ೫ರಂದು ಪಕೊಕ್ಕು ಪಟ್ಟಣದಲ್ಲಿ ಭಿಕ್ಷುಗಳಿಗೆ ಏಟು ಬಿತ್ತು. ಭಿಕ್ಷುಗಳು ೧೭ರವರೆಗೆ ಗಡುವು ಕೊಟ್ಟು ನಾಲ್ಕು ಬೇಡಿಕೆಗಳನ್ನು ಮುಂದಿಟ್ಟರು. ಬೆಲೆಯನ್ನಿಳಿಸುವುದು, ರಾಜಕೀಯ ಬಂದಿಗಳನ್ನು ಬಿಡುವುದು, ಸಂಧಾನಕ್ಕೆ ಒಪ್ಪುವುದು ಎಂಬ ಮೂರೂ ಬೇಡಿಕೆಗಳು ರಾಜಕೀಯವಾದವು. ಆದರೆ ಮೊತ್ತಮೊದಲನೆಯದು ಕ್ಷಮೆ ಬೇಡುವುದು. ವಡ್ಢನ ಕಥೆಯನ್ನು ಬಲ್ಲವರಿಗೆ ಈ ಕ್ರಮದ ಅರ್ಥವು ಸ್ಪಷ್ಟ. ಗಡುವು ಕಳೆಯಲು ೧೮ರಿಂದ ಮೆರವಣಿಗೆಗಳು ಹೊರಟವು. ಮೆತ್ತಸುತ್ತವನ್ನು ಪಠಿಸುತ್ತ, ಕೆಲವರು ಪಾತ್ರೆಗಳನ್ನು ಕಣ್ಣಿಗೆ ಕಾಣುವಂತೆ ಬೋರಲು ಹಿಡಿದು ನಡೆದರು. ೨೬ರಿಂದ ಗುಂಡು, ಲಾಠಿ. ವಿಶ್ವಸಂಸ್ಥೆಯ ವಿಶೇಷ ವರದಿಗಾರನು ಮಡಿದವರು ಕನಿಷ್ಠ ೩೧ ಎಂದನು.

ಹೊರಗಿನವರಲ್ಲಿ ಆಗ ನಡೆದ ವಾದವನ್ನು ಮೂರು ಪಕ್ಷಗಳಾಗಿ ನಿರೂಪಿಸಬಹುದು. ಭಿಕ್ಷುಗಳೇ ಸೇನೆಯನ್ನು ತೊರೆದ ಮೇಲೆ ಸಂಧಾನದ ಮಾತೆಲ್ಲಿ, ಜನರು ಬೀದಿಯಲ್ಲಿಯೇ ಇರಬೇಕು, ಹೊರನಾಡುಗಳು ವ್ಯಾಪಾರನಿರ್ಬಂಧವನ್ನು ಬಿಗಿಮಾಡಬೇಕು, ಎಂಬುದು ಒಂದು ಪಕ್ಷ. ಬೀದಿಗಿಳಿದಾಗಲೆಲ್ಲ ಒಳಗಿನವರು ಸಾಯುತ್ತಾರೆ, ನಿರ್ಬಂಧದಿಂದ ಬಡವರು ಕೆಲಸ ಕಳೆದುಕೊಳ್ಳುತ್ತಾರೆ, ಆದಕಾರಣ ಸೇನೆಯೊಡನೆ ಮಾತಾಡಲೇಬೇಕು, ಎಂಬುದು ಎರಡನೆಯದು. ೧೯೯೫ರಲ್ಲಿ ಅಮೆರಿಕೆಯಲ್ಲಿ ಬಹಿಷ್ಕಾರದ ಚಳವಳಿಯನ್ನು ಹೂಡಿದ ಜಾರ್ನಿ ಎಂಬ ವಿದ್ವಾಂಸನೇ ಕೆಲವು ವರ್ಷಗಳ ತರುವಾಯ ಈ ಪಕ್ಷವನ್ನು ಹಿಡಿದು ಹಳೆಯ ಸಂಗಡಿಗರ ಕೋಪಕ್ಕೆ ಗುರಿಯಾದನು. ಮೂರನೆಯವರು ಗಡಿಯಲ್ಲಿ ಆಯುಧ ಹಿಡಿದವರು. ಬರಿಗೈಯ ಪ್ರತಿಭಟನೆಯು ನಿಷ್ಫಲವೆಂಬುದು ಇದರಿಂದ ಸಿದ್ಧವಾಯಿತೆಂದು ಅವರು ವಾದಿಸಿದರು.

ನಮ್ಮ ಅಭಿಪ್ರಾಯದಲ್ಲಿ ಮೂವರೂ ಕರ್ಮದ ಸ್ವರೂಪವನ್ನು ತಪ್ಪಾಗಿ ಗ್ರಹಿಸಿದ್ದಾರೆ. ಉಕ್ಕುಜ್ಜನವು ಅದರ ಅಂಗವಾಗಿರುವುದರಿಂದ ಸಂಧಾನವು ಮುಗಿಯಿತೆಂಬ ಮೊದಲನೆಯ ಪಕ್ಷವು ನಿಲ್ಲದು. ತಪ್ಪೊಪ್ಪಿಗೆಯು ಮೊದಲು, ಪಾತ್ರವು ನೆಟ್ಟಗಾಗುವುದು ಆಮೇಲೆ ಎಂಬ ಕ್ರಮವಿರುವುದರಿಂದ, ಒಪ್ಪಿಗೆಯ ಮಾತೇ ಇಲ್ಲದ ಎರಡನೆಯ ಪಕ್ಷವೂ ನಿಲ್ಲದು. ಮೂರನೆಯದಕ್ಕೆ ಉತ್ತರವಾಗಿ ಸೇನಾಪತಿಗಳ ಭಯವನ್ನೇ ತೋರಿಸಬಹುದು: ನಿಷ್ಫಲವಾದ ಕರ್ಮಕ್ಕೆ ಹೆದರಿ ವಿಹಾರಗಳಿಗೆ ಮುತ್ತಿಗೆ ಹಾಕುವವರುಂಟೆ?

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ಇದು ಸಂಘಕರ್ಮ. ಸಂಘಕರ್ಮವು ಸೀಮೆಯೊಳಗೆ, ಅಂದರೆ ಗೊತ್ತುಮಾಡಿದ ಎಲ್ಲೆಯೊಳಗೆ, ನೆರೆದವರ ಮುಂದೆ ಜ್ಞಪ್ತಿಯನ್ನಿಟ್ಟು ನಡೆಯಬೇಕು. ಸೀಮೆಯ ಹೊರಗೆ ನಿಂತವನ ಪ್ರತಿಷೇಧವು ಗಣನೆಗೆ ಬಾರದೆಂದು ಮಹಾವಗ್ಗದಲ್ಲಿ ಸ್ಪಷ್ಟವಾಗಿ ಹೇಳಿದೆ. ಹೊರಗಿನವನನ್ನು ಸೇರಿಸಿಕೊಂಡು ಗಣಪೂರ್ತಿ ಮಾಡುವುದಕ್ಕೂ ಇಲ್ಲ. ಕರ್ಮದ ಫಲವನ್ನು ಉಣ್ಣುವವರು ಯಾರೋ ಅವರದೇ ನಿರ್ಣಯವೆಂಬುದು ಈ ನಿಯಮದ ತಾತ್ಪರ್ಯವೆಂದು ನಮಗೆ ತೋರುತ್ತದೆ. ಓಸ್ಲೋ ನಗರದಲ್ಲಿ ಕುಳಿತವನು ರಂಗೂನಿನವನಿಗೆ ಬೀದಿಗಿಳಿ ಎನ್ನಲಾರನು, ಇಳಿಯಬೇಡವೆನ್ನಲೂ ಆರನು. ಈ ಎರಡನೆಯದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಕರೆಕೊಟ್ಟವರನ್ನು ನಿಂದಿಸಿದವರು ತಾವೂ ಹೊರಗಿನಿಂದಲೇ ತಡೆಯುತ್ತಿರುವೆವೆಂಬುದನ್ನು ಮರೆತಂತಿದೆ.

ಇಲ್ಲಿ ಒಂದು ಶಂಕೆಯುಂಟು. ಇವರು ಸ್ವೇಚ್ಛೆಯಿಂದ ಸೀಮೆಯನ್ನು ದಾಟಿದವರಲ್ಲ, ಅಟ್ಟಲ್ಪಟ್ಟವರು. ಇವರ ತಾಯಿತಂದೆಗಳೂ ಒಡಹುಟ್ಟಿದವರೂ ಒಳಗೇ ಇದ್ದಾರೆ. ಇವರು ಆಡಿದ ಮಾತಿಗೆ ಅವರು ಠಾಣೆಗೆ ಹೋಗಿ ಉತ್ತರ ಹೇಳಿದ್ದುಂಟು. ಅಟ್ಟಿದವನ ಅನ್ಯಾಯವೇ ಅಟ್ಟಲ್ಪಟ್ಟವನ ಬಾಯನ್ನೂ ಕಟ್ಟುವುದಾದರೆ ಅದು ಯಾವ ನ್ಯಾಯ? ಈ ಶಂಕೆಯು ಬಲವಾದುದು. ಇದನ್ನು ಪೂರ್ತಿಯಾಗಿ ಪರಿಹರಿಸಬಲ್ಲೆವೆಂಬ ಭ್ರಮೆ ನಮಗಿಲ್ಲ. ಆದರೂ ನಿರ್ಣಯಾಧಿಕಾರವು ಬೇರೆ, ಸಾಕ್ಷಿತ್ವವು ಬೇರೆ. ಆನಂದನು ವಡ್ಢನ ಮನೆಗೆ ಸುದ್ದಿಯನ್ನೊಯ್ಯದಿದ್ದರೆ ಆ ಕರ್ಮವು ಅವನ ಎದೆಯನ್ನು ಮುಟ್ಟುತ್ತಿರಲಿಲ್ಲ. ೧೯೯೨ರಿಂದ ಓಸ್ಲೋವಿನಲ್ಲಿ ನಡೆದ ಡಿ.ವಿ.ಬಿ. ಎಂಬ ಪ್ರಸಾರಸಂಸ್ಥೆಯೂ, ೧೯೯೮ರಲ್ಲಿ ದೆಹಲಿಯಲ್ಲಿ ಆರಂಭವಾದ ಮಿಝಿಮಾ ಎಂಬ ಪತ್ರಿಕಾಸಂಸ್ಥೆಯೂ ಮಾಡಿದ್ದು ಆನಂದನ ಕೆಲಸವನ್ನೇ. ೨೦೦೭ರಲ್ಲಿ ಒಳಗಿನವರು ಪ್ರಾಣವನ್ನು ಪಣವಾಗಿಟ್ಟು ತೆಗೆದ ಚಿತ್ರಗಳು ಇಂಥವರ ಮೂಲಕವೇ ಜಗತ್ತಿಗೆ ಕಂಡವು. ಆ ತಿಂಗಳ ಕೊನೆಯಲ್ಲಿ ಸರ್ಕಾರವು ಅಂತರ್ಜಾಲವನ್ನು ಕಡಿದುಹಾಕಿದ್ದೂ ಇದಕ್ಕಾಗಿಯೇ.

ಭಿಕ್ಷುಗಳ ಪಕ್ಷವೇ ಸರ್ವಥಾ ನಿರ್ದುಷ್ಟವೆಂದು ಹೇಳಲಾಗದು. ೨೦೧೨ರಿಂದ ಅರಕಾನಿನಲ್ಲಿ ಮುಸಲ್ಮಾನರ ಮೇಲೆ ನಡೆದ ಹಿಂಸೆಗೆ ಕಾಷಾಯಧಾರಿಗಳಲ್ಲಿಯೇ ಕೆಲವರು ಬೆಂಬಲವಾದರು. ಮೆತ್ತಸುತ್ತದ ಮೆರವಣಿಗೆಯನ್ನು ಕೊಂಡಾಡಿದ್ದ ದೇಶಾಂತರವಾಸಿಗಳಲ್ಲಿ ಅನೇಕರು ಆಗ ಸುಮ್ಮನಾದರು.

ಸೇನಾಪತಿಗಳು ೨೦೦೭ರಲ್ಲಿ ಕೇಳದಿದ್ದ ಕ್ಷಮೆಯನ್ನು ಅವರ ಉತ್ತರಾಧಿಕಾರಿಗಳು ಬೇರೊಂದು ನಿಮಿತ್ತದಿಂದ ಕೇಳಬೇಕಾಯಿತು. ೨೦೧೨ರ ನವೆಂಬರು ೨೯ರಂದು ಲೆತ್‌ಪಡಾಂಗ್ ತಾಮ್ರದ ಗಣಿಯ ಬಳಿಯಲ್ಲಿ ಧರಣಿ ಕುಳಿತಿದ್ದ ಭಿಕ್ಷುಗಳನ್ನು ಪೊಲೀಸರು ಚದರಿಸಲು, ಅನೇಕರ ಮೈ ಬೆಂದಿತು. ಮುಂದಿನ ತಿಂಗಳಲ್ಲಿ ಸರ್ಕಾರದ ಮಂತ್ರಿಗಳು ಹಿರಿಯ ಭಿಕ್ಷುಗಳ ಮುಂದೆ ಬಂದು ಕ್ಷಮೆ ಬೇಡಿದರು. ಗಣಿಯ ಕೆಲಸವನ್ನು ಮುಂದುವರಿಸಬಹುದೆಂದು ೨೦೧೩ರಲ್ಲಿ ಸೂ ಚಿಯ ಅಧ್ಯಕ್ಷತೆಯ ಮಂಡಲಿಯೇ ವರದಿ ಕೊಟ್ಟಿತು. ಅಷ್ಟರಲ್ಲಿ ಹೊರಗಿನವರಲ್ಲಿ ಬಹುಮಂದಿ ಹಿಂದಿರುಗಿದ್ದರು, ನಿರ್ವಾಸಿತ ಸರ್ಕಾರವು ೨೦೧೨ರಲ್ಲಿ ತಾನಾಗಿಯೇ ವಿಸರ್ಜಿತವಾಗಿತ್ತು, ಡಿ.ವಿ.ಬಿ.ಯೂ ಮಿಝಿಮಾವೂ ರಂಗೂನಿನಲ್ಲಿ ಕಚೇರಿಗಳನ್ನು ತೆರೆದಿದ್ದವು. ೨೦೨೧ರ ಫೆಬ್ರವರಿ ೧ರಂದು ಸೇನೆಯು ಮತ್ತೆ ಅಧಿಕಾರವನ್ನು ಹಿಡಿಯಿತು. ಮಾರ್ಚಿ ೮ರಂದು ಆ ಎರಡು ಸಂಸ್ಥೆಗಳ ಪರವಾನಗಿಗಳೂ ರದ್ದಾಗಲು, ಅವು ಮರಳಿ ಸೀಮೆಯ ಹೊರಗಾದವು.