ತಂತಿಯ ಇನ್ನೊಂದು ತುದಿ

"ಕೇಬಲ್ ತೆಗೆಸಿಬಿಟ್ಟೆವು" ಎಂಬ ಮಾತು ಈಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿದೆ. ಹಾಗೆ ಹೇಳುವವರ ದನಿಯಲ್ಲಿ ಸಾಲ ತೀರಿಸಿದವರ ನೆಮ್ಮದಿ ಇರುತ್ತದೆ. ತಿಂಗಳಿಗೊಮ್ಮೆ ಬಾಗಿಲು ತಟ್ಟುತ್ತಿದ್ದ ವಸೂಲಿಯವನಿಲ್ಲ. ಮಾಳಿಗೆಯಿಂದ ಮಾಳಿಗೆಗೆ ಜೋತಾಡುತ್ತಿದ್ದ ಕರಿಯ ತಂತಿಯಿಲ್ಲ. ಬೇಕಾದ ಚಿತ್ರ ಬೇಕೆಂದ ಹೊತ್ತಿಗೆ ಇಂಟರ್‌ನೆಟ್ಟಿನ ದಾರಿಯಲ್ಲಿ ಮನೆಯೊಳಕ್ಕೆ ಹರಿದು ಬರುತ್ತದೆ. ಇದು ಬಿಡುಗಡೆಯೆಂದು ನಾವು ನಂಬಿದ್ದೇವೆ. ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಬಿಡುಗಡೆಯ ಮಾತು ಬಂದಾಗ, ಕತ್ತರಿಸಿದ್ದು ಯಾವ ಹಗ್ಗವನ್ನು, ಕಟ್ಟಿಕೊಂಡದ್ದು ಯಾವುದನ್ನು, ಅದರ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ಕೇಳುವುದು ಚರಿತ್ರೆಯ ಕೆಲಸ. ಈ ಹೊತ್ತಿನ ಭಾಷಣದಲ್ಲಿ ನಾನು ಮಾಡಬೇಕೆಂದಿರುವುದು ಅಷ್ಟೆ.

ಮೊದಲಿಗೆ ನೆನೆಯಬೇಕಾದ ಸಂಗತಿಯೊಂದಿದೆ. ನಮ್ಮ ಮನೆಗಳಿಗೆ ಹೊರಗಿನ ಲೋಕ ಮೊದಲು ಬಂದದ್ದು ತಂತಿಯಿಲ್ಲದೆಯೇ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ಪುರಾಣಗಳಲ್ಲಿ ಅಶರೀರವಾಣಿಯನ್ನು ಕೇಳಿ ಬಲ್ಲ ಜನಕ್ಕೆ ಆ ಹೆಸರನ್ನು ವಿವರಿಸಬೇಕಾಗಿರಲಿಲ್ಲ; ಮುಂದೆ ಇಡೀ ದೇಶದ ಬಾನುಲಿಯೇ ಅದನ್ನು ತನ್ನದಾಗಿಸಿಕೊಂಡಿತು. ಅಂದರೆ, ನಿಸ್ತಂತು ನಮಗೆ ಹಳೆಯದು. ತಂತಿಯೇ ಆಮೇಲೆ ಬಂದ ನೆಂಟ.

ಚಿತ್ರದ ಕಥೆಯೂ ಹೀಗೆಯೇ ಆಯಿತು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ದೂರದರ್ಶನದ ಪ್ರಯೋಗ ಮೊದಲಾಯಿತಾದರೂ ಬಹುಕಾಲ ಅದು ರಾಜಧಾನಿಯ ಸೊತ್ತಾಗಿಯೇ ಉಳಿಯಿತು. ಕನ್ನಡನಾಡಿಗೆ ಅದು ಬಂದ ಬಗೆ ವಿಚಿತ್ರವಾದುದು. ಬೆಂಗಳೂರಿಗಿಂತ ಮೊದಲು ಅದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದಿತು. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಕೊಟ್ಟ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶಿಕ್ಷಣದ, ಬೇಸಾಯದ, ಆರೋಗ್ಯದ ಕಾರ್ಯಕ್ರಮಗಳು ಪ್ರಸಾರವಾದವು. ಸೈಟ್ ಎಂದು ಹೆಸರಾದ ಪ್ರಯೋಗವಿದು. ಹಳ್ಳಿಯ ಶಾಲೆಯ ಮೇಲೆ ತಂತಿಬಲೆಯ ದೊಡ್ಡ ಕೊಡೆ; ಒಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ನಮ್ಮ ಭಾಗದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಚಿತ್ರವೊಂದು, ಜೊತೆಗೆ ಸಾಗಲು ಧ್ವನಿಯ ಹಾದಿ ಎರಡು: ತೆಲುಗಿಗೊಂದು, ಕನ್ನಡಕ್ಕೊಂದು.

ಆಗ ನಾನು ರಾಯಚೂರು ಸೀಮೆಯಲ್ಲಿ ಹೈಸ್ಕೂಲು ಓದುತ್ತಿದ್ದ ಹುಡುಗ. ಸಂಜೆ ಶಾಲೆಯ ಅಂಗಳದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಎಲ್ಲರಿಗಿಂತ ಮುಂದೆ ಕೂತು ಆ ಪೆಟ್ಟಿಗೆಯನ್ನು ನೋಡುತ್ತಿದ್ದೆವು. ಬಿತ್ತನೆಯ ಬೀಜದ ವಿಷಯ ಬಂದರೆ ಹಿರಿಯರು ಅಲ್ಲಿಯೇ ವಾದಕ್ಕಿಳಿಯುತ್ತಿದ್ದರು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಕರೆದುಕೊಂಡರು. ಕಲಬುರಗಿಯಲ್ಲಿ 1977ರಲ್ಲಿ ನೆಲದ ಪ್ರಸಾರ ಕೇಂದ್ರವೊಂದು ಆರಂಭವಾಯಿತಾದರೂ ಅದರ ಅಲೆ ಮುಟ್ಟದ ಹಳ್ಳಿಗಳಲ್ಲಿ ಪೆಟ್ಟಿಗೆ ಮೂಕವಾಯಿತು. ಕೊಡೆ ನಮ್ಮ ಶಾಲೆಯ ಮೇಲಿತ್ತು, ಪೆಟ್ಟಿಗೆ ನಮ್ಮ ಕೋಣೆಯಲ್ಲಿತ್ತು. ನಮ್ಮದಲ್ಲದ್ದು ಮಾತ್ರ ಆಕಾಶದಲ್ಲಿತ್ತು. ನಾನು ಬಲ್ಲ ಮೊದಲ 'ಕತ್ತರಿಸುವಿಕೆ' ಇದು. ಕತ್ತರಿಸಿದವರು ನೋಡುವವರಲ್ಲ, ತೋರಿಸುವವರು.

ಆಮೇಲಿನ ಹಂತವನ್ನು ಓದುಗರು ಬಲ್ಲರು. 1982ರಲ್ಲಿ ಬಣ್ಣ ಬಂದಿತು, ಏಷ್ಯನ್ ಕ್ರೀಡೆಗಳು ಬಂದವು; ಮನೆಮನೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಎದ್ದಿತು. 1987ರ ಜನವರಿಯಲ್ಲಿ 'ರಾಮಾಯಣ' ಆರಂಭವಾದಾಗ ಭಾನುವಾರದ ಬೆಳಗು ಇಡೀ ದೇಶಕ್ಕೆ ಒಂದೇ ಆಯಿತು. ಆ ಹೊತ್ತಿನಲ್ಲಿ ಬೀದಿಗಳು ಬರಿದಾಗುತ್ತಿದ್ದವು. ಆದರೆ ಆ ಒಂದೇ ಕಿಂಡಿಯಲ್ಲಿ ಕನ್ನಡಕ್ಕೆ ದೊರೆತ ಜಾಗ ಎಷ್ಟು? ಆಗುಂಬೆಯಲ್ಲಿ ಚಿತ್ರೀಕರಣಗೊಂಡ, ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಕೂಡ ನಮಗೆ ಹಿಂದಿಯ ಮೂಲಕವೇ ಬಂದಿತು. ಎಲ್ಲರೂ ಒಟ್ಟಿಗೆ ನೋಡಿದೆವೆಂಬುದು ನಿಜ. ಎಲ್ಲರೂ ನಮ್ಮ ಮಾತಿನಲ್ಲಿ ನೋಡಲಿಲ್ಲವೆಂಬುದೂ ನಿಜ.

ತಂತಿ ಬಂದದ್ದು ಈ ಕೊರತೆಯ ನಡುವೆ. ಕೇಬಲ್ ಹುಟ್ಟಿದ್ದು 1948ರ ಸುಮಾರಿಗೆ, ಅಮೆರಿಕದ ಗುಡ್ಡಗಾಡಿನ ಪುಟ್ಟ ಊರುಗಳಲ್ಲಿ. ಬೆಟ್ಟದ ಮರೆಯ ಮನೆಗಳಿಗೆ ಪ್ರಸಾರದ ಅಲೆ ತಲುಪುತ್ತಿರಲಿಲ್ಲ. ಬೆಟ್ಟದ ನೆತ್ತಿಯಲ್ಲಿ ಆಂಟೆನಾ ನೆಟ್ಟು ಅಲ್ಲಿಂದ ಮನೆಗಳಿಗೆ ತಂತಿ ಎಳೆದರು. ನಮ್ಮಲ್ಲಿ ಮರೆಯಾಗಿದ್ದ ಬೆಟ್ಟವೆಂದರೆ ಸರ್ಕಾರದ ಏಕಸ್ವಾಮ್ಯ. 1991ರ ಕೊಲ್ಲಿ ಯುದ್ಧವನ್ನು ದೊಡ್ಡ ಹೋಟೆಲುಗಳು ಉಪಗ್ರಹದ ಮೂಲಕ ತೋರಿಸಿದವು. ಅದೇ ವರ್ಷ ಸ್ಟಾರ್, ಮರುವರ್ಷ ಜೀ ವಾಹಿನಿಗಳು ಬಂದವು. ಬೀದಿಯ ವೀಡಿಯೊ ಅಂಗಡಿಯ ತರುಣನೇ ಮಾಳಿಗೆಯ ಮೇಲೆ ಡಿಶ್ ಕೂರಿಸಿ, ವಿದ್ಯುತ್ ಕಂಬದಿಂದ ಮರಕ್ಕೆ, ಮರದಿಂದ ಮನೆಗೆ ತಂತಿ ಕಟ್ಟಿ 'ಕೇಬಲ್ಲಿನವ'ನಾದನು. ಆಕಾಶದಲ್ಲಿ ಸಾಗುವ ತರಂಗಗಳು ಸಾರ್ವಜನಿಕರ ಆಸ್ತಿಯೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು, ಕೇಬಲ್ಲಿಗೊಂದು ಕಾಯಿದೆ ಬಂದದ್ದು, ಎರಡೂ 1995ರಲ್ಲಿ. ಅಷ್ಟರಲ್ಲಿ, 1994ರಲ್ಲಿ, ಉದಯ ವಾಹಿನಿ ಕನ್ನಡದಲ್ಲಿ ಆರಂಭವಾಗಿತ್ತು. ಆ ಕೊಳಕು ಕರಿ ತಂತಿಯೇ ನಮ್ಮ ಭಾಷೆಗೆ ದಿನವಿಡೀ ಮಾತಾಡುವ ಅವಕಾಶ ಕೊಟ್ಟಿತೆಂಬುದನ್ನು ಅದನ್ನು ಕತ್ತರಿಸುವ ಮುನ್ನ ನೆನೆಯುವುದು ನ್ಯಾಯ.

ಮುಂದೆ ತಂತಿಯ ಮೇಲೆ ಬೇಸರ ಬೆಳೆಯಿತು. ಬೇಡದ ನೂರು ವಾಹಿನಿಗಳಿಗೂ ಹಣ ತೆರಬೇಕಾಗಿತ್ತು. 2003ರಿಂದ ಮನೆಗೊಂದು ಸಣ್ಣ ಡಿಶ್ ಬಂದಿತು. 2013ರ ವೇಳೆಗೆ ಬೆಂಗಳೂರು, ಮೈಸೂರುಗಳಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರ ಫೆಬ್ರವರಿಯಲ್ಲಿ, ನೂರು ವಾಹಿನಿಗಳಿಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಆರಿಸಿಕೊಂಡ ಒಂದೊಂದು ವಾಹಿನಿಗೂ ಅದರದರ ಬೆಲೆ ಎಂಬ ನಿಯಮ ಬಂದಾಗ, ಗೃಹಿಣಿಯರು ಪೆನ್ನು ಹಿಡಿದು ಲೆಕ್ಕಕ್ಕೆ ಕೂತರು. ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 2015ರಲ್ಲಿ ಹಾಟ್‌ಸ್ಟಾರ್, 2016ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ಇಲ್ಲಿ ಆರಂಭವಾದವು. ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ಟಿನ ಬೆಲೆ ಕುಸಿಯಿತು. ಲೆಕ್ಕಕ್ಕೆ ಕೂತ ಮನೆಗಳಲ್ಲಿ ಎಷ್ಟೋ ಮನೆಗಳು ಕೇಬಲ್ಲಿಗೆ ಕೈಮುಗಿದವು.

ಹರಿದು ಬರುವ ಈ ಚಿತ್ರದ ಕ್ರಮ ಹಿಂದಿನ ಪ್ರಸಾರದಂತಲ್ಲ. ಪ್ರಸಾರವೆಂದರೆ ಊರ ಗುಡಿಯ ಗಂಟೆ. ಒಮ್ಮೆ ಬಾರಿಸಿದರೆ ಎಲ್ಲರಿಗೂ ಕೇಳುತ್ತದೆ, ಕೇಳಿದವರಾರೆಂದು ಗಂಟೆಗೆ ತಿಳಿಯದು. ಹೊಸ ಕ್ರಮದಲ್ಲಿ ಚಿತ್ರವನ್ನು ಕೆಲವು ಕ್ಷಣಗಳ ತುಣುಕುಗಳಾಗಿ ಕತ್ತರಿಸಿ, ಹಲವು ದರ್ಜೆಗಳಲ್ಲಿ ಸಿದ್ಧಪಡಿಸಿ, ಊರೂರಿನ ಸಮೀಪದ ಕಂಪ್ಯೂಟರುಗಳಲ್ಲಿ ಇರಿಸಿರುತ್ತಾರೆ. ನಮ್ಮ ಮನೆಯ ಯಂತ್ರ ತುಣುಕಿನ ಮೇಲೆ ತುಣುಕು ಕೇಳಿ ಪಡೆಯುತ್ತದೆ. ಸಂಪರ್ಕ ಸೊರಗಿದರೆ ಕೆಳದರ್ಜೆಯ ತುಣುಕನ್ನು ಬೇಡುತ್ತದೆ. ಹಾಗಾಗಿ ಒಂದೊಂದು ಮನೆಗೂ ಬೇರೆಬೇರೆ ಎಳೆ. ಯಾರು, ಯಾವಾಗ, ಎಲ್ಲಿಯವರೆಗೆ ನೋಡಿದರೆಂಬುದೆಲ್ಲ ಆಚೆ ತುದಿಯವರಿಗೆ ಗೊತ್ತು. ಇನ್ನು ತಂತಿ ಹೋಯಿತೆನ್ನುವುದೂ ಭ್ರಮೆ. ಆ ತುಣುಕುಗಳು ಸಮುದ್ರದಡಿಯ, ನೆಲದಡಿಯ ಗಾಜಿನೆಳೆಗಳಲ್ಲಿ ಓಡಾಡುತ್ತವೆ. ಎಷ್ಟೋ ಬೀದಿಗಳಲ್ಲಿ ಆ ಗಾಜಿನೆಳೆಯನ್ನು ಮನೆಗೆ ತಂದು ಕಟ್ಟಿದವನು ಅದೇ ಹಳೆಯ ಕೇಬಲ್ಲಿನವನು!

ಇಷ್ಟು ಹೇಳಿದ ಮಾತ್ರಕ್ಕೆ ನಾನು ಹೊಸತನ್ನು ಹಳಿಯುವವನಲ್ಲ. 2020ರಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ 'ಲಾ' ಎಂಬ ಕನ್ನಡ ಚಿತ್ರ ನೇರವಾಗಿ ಮನೆಗಳಿಗೇ ಬಿಡುಗಡೆಯಾಯಿತು. ದೂರದೇಶದ ಕನ್ನಡಿಗರು ಊರಿನವರೊಡನೆ ಅದೇ ದಿನ ಅದೇ ಚಿತ್ರ ನೋಡುವುದು ಸಾಮಾನ್ಯ ಲಾಭವಲ್ಲ. ಆದರೆ ಕಳೆದುಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದೇ ಹೊತ್ತಿಗೆ ನೋಡಿ ಮರುದಿನ ಕಟ್ಟೆಯ ಮೇಲೆ ಮಾತಾಡುವ ಸಮಾನಕಾಲ ಹೋಯಿತು. ಅದಕ್ಕಿಂತ ದೊಡ್ಡದು ಸ್ವತ್ತಿನ ಪ್ರಶ್ನೆ. ನಾವು ತಿಂಗಳಿಗೆ ತೆರುವುದು ನೋಡುವ ಅನುಮತಿಗೆ. ಕಂಪನಿಗಳ ಒಪ್ಪಂದದ ಅವಧಿ ಮುಗಿದರೆ ನಿನ್ನೆ ಇದ್ದ ಚಿತ್ರ ಇಂದು ಇಲ್ಲ. 1976ರ ನಮ್ಮ ಶಾಲೆಯ ಪೆಟ್ಟಿಗೆಯ ಕಥೆಯೇ ಇದು, ಒಂದೊಂದು ಚಿತ್ರಕ್ಕೂ ಬೇರೆಬೇರೆಯಾಗಿ.

ಕನ್ನಡಕ್ಕೆ ಈ ಎಚ್ಚರ ಮುಖ್ಯ, ಏಕೆಂದರೆ ನಾವು ಒಮ್ಮೆ ಕಳೆದುಕೊಂಡವರು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಿಡುಗಡೆಯಾಯಿತು. ಇಂದು ಅದರ ಪ್ರತಿ ಉಳಿದಿಲ್ಲ. ಸಾವಿರ ವರ್ಷದ ಹಿಂದಿನ 'ಪಂಪಭಾರತ'ವನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ನೂರು ವರ್ಷ ತುಂಬದ ಚಿತ್ರವನ್ನು ತೋರಿಸಲಾರೆ. ಓಲೆಗರಿಯನ್ನು ಒಬ್ಬನಲ್ಲದಿದ್ದರೆ ಇನ್ನೊಬ್ಬ ಪ್ರತಿ ಮಾಡಿಕೊಂಡ, ಮಠದಲ್ಲಿ, ಬಸದಿಯಲ್ಲಿ, ಮನೆಯ ಅಟ್ಟದಲ್ಲಿ ಇಟ್ಟ. ಅಚ್ಚಾದ ಪುಸ್ತಕಕ್ಕಾದರೆ 1954ರ ಕಾಯಿದೆಯುಂಟು. ಪ್ರಕಾಶಕನು ಪ್ರತಿಗಳನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಕಡೆಗೆ ಕಳುಹಿಸಲೇಬೇಕು. ಚಲನಚಿತ್ರಗಳಿಗಾಗಿ ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಸಂಗ್ರಹಾಲಯವಿದೆ. ಆದರೆ ಪುಸ್ತಕಕ್ಕಿರುವಂತೆ ಪ್ರತಿಯೊಂದು ಚಿತ್ರವನ್ನೂ ಕಡ್ಡಾಯವಾಗಿ ಒಪ್ಪಿಸಬೇಕೆಂಬ ಕಾನೂನಿಲ್ಲ. ಪ್ರತಿ ಮಾಡಿಕೊಳ್ಳಲು ಬಾರದಂತೆ ಬೀಗ ಹಾಕಿಯೇ ಮನೆಗೆ ಬರುವ ಹೊಸ ಚಿತ್ರದ ಗತಿಯೇನು?

ಆದುದರಿಂದ ನನ್ನ ಕೋರಿಕೆ ಸಣ್ಣದು. ಕನ್ನಡದಲ್ಲಿ ಬರುವ ಪ್ರತಿಯೊಂದು ಚಿತ್ರದ, ಧಾರಾವಾಹಿಯ ಒಂದು ಪ್ರತಿ, ಅದು ಯಾವ ದಾರಿಯಿಂದಲೇ ಮನೆಗೆ ಬರಲಿ, ನಾಡಿನ ಸಾರ್ವಜನಿಕ ಸಂಗ್ರಹವೊಂದಕ್ಕೆ ಸೇರಬೇಕು. ಸಹಾಯಧನ ಕೊಡುವ ಸರ್ಕಾರ ಅದನ್ನೇ ಮೊದಲ ಷರತ್ತಾಗಿ ಮಾಡಬಹುದು. ತಂತಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರವರ ಮನೆಯ ವಿಚಾರ. ಅದರ ಇನ್ನೊಂದು ತುದಿಯಲ್ಲಿ ನಮ್ಮದೆನ್ನುವ ಒಂದು ಪೆಟ್ಟಿಗೆ ಇರಬೇಕೆಂಬುದು ಮಾತ್ರ ನಾಡಿನ ವಿಚಾರ.