ತಂತಿ ತಡವರಿಸಿದರೆ ಆರ್ಕ್ ತೊದಲುತ್ತದೆ: ಮಿಗ್ ವೆಲ್ಡಿಂಗ್ ಹುಟ್ಟಿದ ಕಥೆ

ವೆಲ್ಡಿಂಗ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಗ್ರಿಲ್ ಅಂಗಡಿ ಮುಂದಿನ ನೀಲಿ ಬೆಳಕು, ಜೊತೆಗೆ "ಆ ಕಡೆ ನೋಡ್ಬೇಡ, ಕಣ್ಣು ಹೋಗುತ್ತೆ" ಅನ್ನುವ ಮನೆಯವರ ಬೈಗುಳ :-) ಅಲ್ಲಿ ಸಾಮಾನ್ಯವಾಗಿ ಬಳಸುವುದು ಕೈಯಲ್ಲಿ ಹಿಡಿಯುವ ರಾಡ್. ಮಿಗ್ ಯಂತ್ರದ ಜಾತಿಯೇ ಬೇರೆ. ಅದರಲ್ಲಿ ರಾಡಿನ ಬದಲು ಸ್ಪೂಲಿಗೆ ಸುತ್ತಿದ ತೆಳು ತಂತಿ ಇರುತ್ತದೆ. ಟ್ರಿಗರ್ ಒತ್ತಿದರೆ ಮೋಟರ್ ಅದನ್ನು ಗನ್ನಿನ ತುದಿಗೆ ತಳ್ಳುತ್ತಾ ಹೋಗುತ್ತದೆ. ಈಗ ಮನೆಯ ಶೆಡ್ಡಿನ ಮೂಲೆಯಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಮಿಗ್ ಯಂತ್ರಗಳೂ ಸಿಗುತ್ತವೆ. ಕೊಂಡವರ ದೂರು ಹೆಚ್ಚು ಕಡಿಮೆ ಒಂದೇ: "ಆರ್ಕ್ ನಿಲ್ಲೋದೇ ಇಲ್ಲ, ಬರೀ ಸಿಡಿಯುತ್ತೆ. ಮಷೀನೇ ಸರಿ ಇಲ್ಲ."

ಮಷೀನನ್ನು ಬೈಯುವ ಮೊದಲು ಅದರ ಇತಿಹಾಸ ಸ್ವಲ್ಪ ನೋಡೋಣ. ದೂರಿಗೆ ಉತ್ತರ ಅಲ್ಲೇ ಇದೆ.

1881ರಲ್ಲಿ ಫ್ರಾನ್ಸಿನ ಆಗುಸ್ಟ್ ದ ಮೆರಿತಾಂ ಆರ್ಕಿನ ಶಾಖದಿಂದ ಬ್ಯಾಟರಿಯ ಸೀಸದ ತಗಡುಗಳನ್ನು ಬೆಸೆದ. ಅದೇ ದಶಕದಲ್ಲಿ ನಿಕೊಲಾಯ್ ಬೆನಾರ್ದೊಸ್ ಮತ್ತು ಸ್ತಾನಿಸ್ಲಾವ್ ಓಲ್ಷೆವ್‌ಸ್ಕಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು: 1885ರಲ್ಲಿ ಬ್ರಿಟನ್ನಿನಲ್ಲಿ, 1887ರಲ್ಲಿ ಅಮೆರಿಕದಲ್ಲಿ. ಇವರು ಬಳಸುತ್ತಿದ್ದದ್ದು ಇಂಗಾಲದ ಕಡ್ಡಿ. ಇಂಗಾಲ ಕರಗುವುದಿಲ್ಲ, ನಿಧಾನಕ್ಕೆ ಸವೆಯುತ್ತದೆ ಅಷ್ಟೆ. ಹಾಗಾಗಿ ಕಡ್ಡಿಗೂ ಲೋಹಕ್ಕೂ ನಡುವಿನ ಅಂತರ ಕಾಪಾಡುವುದು ಅಷ್ಟೇನೂ ದೊಡ್ಡ ತಲೆನೋವಾಗಿರಲಿಲ್ಲ.

ತಲೆನೋವು ಶುರುವಾದದ್ದು 1888ರಲ್ಲಿ. ರಷ್ಯಾದ ನಿಕೊಲಾಯ್ ಸ್ಲಾವ್ಯಾನೊವ್ ಇಂಗಾಲವನ್ನು ಬಿಟ್ಟು ಲೋಹದ ಕಡ್ಡಿಯನ್ನೇ ಬಳಸಿದ. ಕಡ್ಡಿಯೇ ಕರಗಿ ಬೆಸುಗೆಯಾಗುತ್ತದೆ, ಬಹಳ ಅನುಕೂಲ. ಆದರೆ ಕಡ್ಡಿ ಕ್ಷಣಕ್ಷಣಕ್ಕೂ ಗಿಡ್ಡವಾಗುತ್ತದೆ! ಮುಂದೆ ತಳ್ಳದಿದ್ದರೆ ಆರ್ಕ್ ಉದ್ದವಾಗಿ ಆರಿಹೋಗುತ್ತದೆ, ಜಾಸ್ತಿ ತಳ್ಳಿದರೆ ಲೋಹಕ್ಕೆ ಅಂಟಿಕೊಳ್ಳುತ್ತದೆ. ಸ್ಲಾವ್ಯಾನೊವ್ ಆರ್ಕಿನ ಉದ್ದವನ್ನು ಕಾಯುವ ಒಂದು ಸಾಧನವನ್ನೂ ಮಾಡಿದ್ದ. ಅಂದರೆ ಈ ಕೆಲಸ ಹುಟ್ಟಿದಾಗಲೇ ಅದರ ಕಷ್ಟವೂ ಹುಟ್ಟಿತ್ತು. ಮುಂದಿನ 60 ವರ್ಷಗಳ ಕಥೆಯಲ್ಲಿ ಈ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಕರಗುವ ಕಡ್ಡಿಯನ್ನು ಕರಗಿದಷ್ಟೇ ವೇಗದಲ್ಲಿ ತಳ್ಳುವುದು ಹೇಗೆ?

ಮೊದಲ ಉತ್ತರ ಮನುಷ್ಯನ ಕೈ. ರಾಡ್ ವೆಲ್ಡರುಗಳು ಇವತ್ತಿಗೂ ಮಾಡುವುದು ಅದನ್ನೇ.

ಎರಡನೆಯ ಉತ್ತರ 1920ರಲ್ಲಿ ಬಂತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪಿ. ಓ. ನೊಬೆಲ್ ಬರಿಯ ತಂತಿಯನ್ನು ಮೋಟರಿನಿಂದ ತಳ್ಳಿಸಿದ. ಆರ್ಕ್ ಉದ್ದವಾದರೆ ಅದರ ವೋಲ್ಟೇಜ್ ಏರುತ್ತದೆ, ಗಿಡ್ಡವಾದರೆ ಇಳಿಯುತ್ತದೆ. ಅದನ್ನು ನೋಡಿಕೊಂಡು ಮೋಟರ್ ತನ್ನ ವೇಗ ಬದಲಿಸುತ್ತಿತ್ತು. ಸವೆದ ಮೋಟರ್ ಶಾಫ್ಟ್, ಕ್ರೇನ್ ಚಕ್ರಗಳ ಮೇಲೆ ಲೋಹ ತುಂಬಲು ಇದನ್ನು ಬಳಸಿದರು. ದಪ್ಪ ತಂತಿಗೆ ಇದು ಸರಿ. ಆದರೆ ತೆಳು ತಂತಿ ಎಷ್ಟು ಬೇಗ ಕರಗುತ್ತದೆಂದರೆ ಮೋಟರ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಮೂರನೆಯ ಉತ್ತರವೇ ನಿಮ್ಮ ಶೆಡ್ಡಿನಲ್ಲಿರುವುದು. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ, ಏರ್ ರಿಡಕ್ಷನ್ ಕಂಪನಿಯ ನೆರವಿನಿಂದ ಇದು ರೂಪುಗೊಂಡಿತು. ಇಲ್ಲಿ ಇಡೀ ಲೆಕ್ಕವೇ ತಲೆಕೆಳಗು. ತಂತಿ ಒಂದೇ ವೇಗದಲ್ಲಿ ಬರಲಿ, ವೋಲ್ಟೇಜೂ ಒಂದೇ ಸಮ ಇರಲಿ, ಬದಲಾಗುವುದು ಕರೆಂಟು ಮಾತ್ರ. ಆರ್ಕ್ ತುಸು ಉದ್ದವಾಯಿತು ಅನ್ನಿ. ಕರೆಂಟು ತಟ್ಟನೆ ಇಳಿಯುತ್ತದೆ, ತಂತಿ ನಿಧಾನಕ್ಕೆ ಕರಗುತ್ತದೆ, ಹಿಂದಿನಿಂದ ಬರುವ ತಂತಿ ಅಂತರವನ್ನು ಮುಚ್ಚುತ್ತದೆ. ಗಿಡ್ಡವಾದರೆ ಕರೆಂಟು ಏರಿ ತಂತಿ ಬೇಗ ಕರಗುತ್ತದೆ. ಇದೆಲ್ಲ ನಡೆಯುವುದು ಕಣ್ಣೆವೆ ಮುಚ್ಚುವುದರೊಳಗೆ. ಯಾರೂ ಕಾಯಬೇಕಿಲ್ಲ, ಆರ್ಕ್ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ಆದರೆ ಇದೊಂದು ಕರಾರು. ತಂತಿ ಒಂದೇ ಸಮ ಬಂದರೆ ಮಾತ್ರ ಆರ್ಕ್ ತನ್ನ ಮಾತು ಉಳಿಸಿಕೊಳ್ಳುತ್ತದೆ. ಮನೆ ಯಂತ್ರದ ಕಾಯಿಲೆಗಳಲ್ಲಿ ಹೆಚ್ಚಿನವು ಈ ಕರಾರು ಮುರಿದಾಗ ಆಗುವಂಥವು. ತಂತಿ ತಡವಾದರೆ ಆರ್ಕ್ ಮೇಲೇರಿ, ತಂತಿ ತಾಮ್ರದ ಟಿಪ್ಪಿಗೇ ಬೆಸೆದುಕೊಳ್ಳುತ್ತದೆ. ತಂತಿ ಅತಿ ವೇಗವಾದರೆ ಲೋಹಕ್ಕೆ ಕುಟ್ಟಿ ಗನ್ನನ್ನೇ ಹಿಂದಕ್ಕೆ ತಳ್ಳುತ್ತದೆ. ಮುಂದೆ ದಾರಿ ಕಟ್ಟಿದ್ದು ಹಿಂದೆ ರೋಲರ್ ತಳ್ಳುತ್ತಲೇ ಇದ್ದರೆ ತಂತಿ ಅಲ್ಲೇ ಗೋಜಲಾಗುತ್ತದೆ.

ಆದ್ದರಿಂದ ಹುಡುಕುವುದೂ ತಂತಿಯ ದಾರಿಯಲ್ಲೇ, ಸ್ಪೂಲಿನಿಂದ ಟಿಪ್ಪಿನವರೆಗೆ. ಸ್ಪೂಲಿನ ಬ್ರೇಕು ಬಿಗಿಯಾಗಿದೆಯೇ? ತಂತಿಗೆ ತುಕ್ಕು ಹಿಡಿದಿದೆಯೇ? ರೋಲರಿನ ಗಾಡಿ ತಂತಿಯ ಅಳತೆಯದೇ? ರೋಲರ್ ಜಾರದಷ್ಟು ಬಿಗಿ ಸಾಕು, ಅದಕ್ಕಿಂತ ಹೆಚ್ಚು ತಿರುಗಿಸಿದರೆ ತಂತಿ ಚಪ್ಪಟೆಯಾಗಿ ಮುಂದೆ ಸಿಕ್ಕಿಕೊಳ್ಳುತ್ತದೆ. ಲೈನರಿನಲ್ಲಿ ಧೂಳು ತುಂಬಿದ್ದರೆ ಗಾಳಿ ಊದಿ ತೆಗೆಯಿರಿ. ಗನ್ನಿನ ಕೇಬಲ್ ಸುರುಳಿ ಸುತ್ತಿಕೊಂಡಿದ್ದರೆ ನೆಟ್ಟಗೆ ಮಾಡಿ. ಟಿಪ್ಪಿನ ತೂತು ಸವೆದು ಅಗಲವಾಗಿದ್ದರೆ ಕರೆಂಟು ತಂತಿಗೆ ಬಿಟ್ಟು ಬಿಟ್ಟು ಸೇರುತ್ತದೆ. ಟಿಪ್ ಬದಲಿಸಿ, ಅದು ಅಗ್ಗದ ಸಾಮಾನು. ಇಷ್ಟಾದ ಮೇಲೂ ಸರಿಹೋಗದಿದ್ದರೆ ಅರ್ತ್ ಕ್ಲಾಂಪ್ ನೋಡಿ. ಬಣ್ಣ, ತುಕ್ಕಿನ ಮೇಲೆ ಕಚ್ಚಿಸಿದ್ದರೆ ಕರಾರಿನ ಇನ್ನೊಂದು ಅರ್ಧವಾದ ವೋಲ್ಟೇಜೇ ಕುಂಟುತ್ತದೆ. ಒಳಗಿನ ಬೋರ್ಡ್ ಸುಟ್ಟಿದೆ ಅನ್ನುವ ಅನುಮಾನ ಕೊನೆಗೆ ಬರಲಿ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಆರ್ಗಾನ್‌ನಂಥ ಜಡ ಅನಿಲಗಳು ಉಕ್ಕಿನ ಕೆಲಸಕ್ಕೆ ದುಬಾರಿ. 1953ರಲ್ಲಿ ಸೋವಿಯತ್ ಒಕ್ಕೂಟದ ಲ್ಯುಬಾವ್‌ಸ್ಕಿ ಮತ್ತು ನೊವೊಝಿಲೊವ್ ಅಗ್ಗದ ಇಂಗಾಲದ ಡೈ ಆಕ್ಸೈಡ್‌ನಲ್ಲೂ ಬೆಸೆಯಬಹುದೆಂದು ತೋರಿಸಿದರು. ಮಿಗ್‌ನಲ್ಲಿರುವ 'ಐ' ಅಂದರೆ ಇನರ್ಟ್, ಜಡ. ಈ ಅನಿಲವೋ ಜಡವಲ್ಲ, ಆದರೂ ಹೆಸರು ಹಾಗೇ ಉಳಿಯಿತು! ಸಿಡಿತ ಜಾಸ್ತಿಯಾದದ್ದು ಅಗ್ಗದ ಅನಿಲಕ್ಕೆ ತೆತ್ತ ಬೆಲೆ. ಇನ್ನು 1950ರ ದಶಕದ ಕೊನೆಗೆ ಅನಿಲವೇ ಬೇಡದ, ಹೊಟ್ಟೆಯಲ್ಲಿ ಫ್ಲಕ್ಸ್ ತುಂಬಿದ ತಂತಿಯೂ ಬಂತು. ಇದಕ್ಕೆ ಸಾಮಾನ್ಯವಾಗಿ ಗನ್ನು ಮೈನಸ್‌ಗೆ ಇರಬೇಕು, ಮಾಮೂಲಿ ತಂತಿಗೆ ಪ್ಲಸ್. ತಂತಿ ಬದಲಿಸಿ ಇದನ್ನು ಬದಲಿಸದಿದ್ದರೆ ಕಿಡಿಯ ಮಳೆ ಗ್ಯಾರಂಟಿ.

ಅದೇ ದಶಕದ ಕೊನೆಗೆ ಬಂದ ಇನ್ನೊಂದು ವಿಧಾನದಲ್ಲಿ ತಂತಿ ಸೆಕೆಂಡಿಗೆ 20ರಿಂದ 200 ಸಲ ಲೋಹಕ್ಕೆ ತಾಗಿ, ಹನಿ ಬಿಟ್ಟು, ಮತ್ತೆ ಆರ್ಕ್ ಹೊತ್ತಿಸುತ್ತದೆ. ಮನೆ ಯಂತ್ರಗಳು ಹೆಚ್ಚಾಗಿ ಈ ವಂಶದವು. ಒಗ್ಗರಣೆಯ ಸಾಸಿವೆಯಂತೆ ಒಂದೇ ಸಮ ಚಟಪಟ ಕೇಳಿದರೆ ಸರಿಯಾಗಿದೆ ಅಂತ ಅರ್ಥ. ಬಿಟ್ಟು ಬಿಟ್ಟು ಪಟ್ ಪಟ್ ಅಂದರೆ ತಂತಿಯ ದಾರಿಗೆ ವಾಪಸ್ ಹೋಗಿ.

ಒಂದು ಎಚ್ಚರಿಕೆ. ಈ ವಿಧಾನದ ಶಾಖ ಕಡಿಮೆ, ಅದು ಬೆಳೆದದ್ದೇ ತೆಳು ತಗಡಿಗಾಗಿ. ದಪ್ಪ ಉಕ್ಕಿನ ಮೇಲೆ ಬೆಸುಗೆ ಅಂದವಾಗಿ ಕಾಣುತ್ತದೆ, ಆದರೆ ಒಳಗೆ ಹಿಡಿದಿರುವುದೇ ಇಲ್ಲ, ಮೇಲೆ ಅಂಟಿಕೊಂಡಿರುತ್ತದೆ ಅಷ್ಟೆ. ಹೂಕುಂಡದ ಸ್ಟ್ಯಾಂಡ್ ಆದರೆ ಪರವಾಗಿಲ್ಲ. ಗೇಟಿನ ಹಿಂಜ್, ಟ್ರೈಲರಿನ ಕೊಂಡಿ, ಮಕ್ಕಳ ಉಯ್ಯಾಲೆ ಆದರೆ? ಅದೇ ದಪ್ಪದ ಎರಡು ಚೂರು ಮೊದಲು ಬೆಸೆದು, ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿ ನೋಡಿ. ಬೆಸುಗೆ ಸಿಪ್ಪೆಯಂತೆ ಎದ್ದು ಬಂದರೆ ಆ ಕೆಲಸ ನಿಮ್ಮ ಪುಟ್ಟ ಯಂತ್ರದ್ದಲ್ಲ.