ದೊಡ್ಡಿಯಾಗಿದ್ದ ದೇವನಹಳ್ಳಿ

2008ರ ಮೇ 24ರಂದು ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾದಾಗ ಜನರ ಬಾಯಲ್ಲಿ ಅದಕ್ಕೆ ಇದ್ದದ್ದು ಒಂದೇ ಹೆಸರು: ದೇವನಹಳ್ಳಿ ಏರ್‌ಪೋರ್ಟು. ಎಚ್‌ಎಎಲ್ ನಿಲ್ದಾಣಕ್ಕೆ ಆಟೋದಲ್ಲಿ ಹೋಗಿ ಅಭ್ಯಾಸವಾಗಿದ್ದವರು ‘ಅಯ್ಯೋ, ದೇವನಹಳ್ಳಿವರೆಗೂ ಹೋಗಬೇಕಲ್ಲ’ ಎಂದು ಗೊಣಗಿದರು. ಎಷ್ಟೋ ಬೆಂಗಳೂರಿಗರು ಆ ಊರಿನ ಹೆಸರನ್ನು ಮೊದಲು ಉಚ್ಚರಿಸಿದ್ದೇ ಆ ಗೊಣಗಾಟದಲ್ಲಿ. ಆಮೇಲೆ ರಸ್ತೆ ಅಗಲವಾಯಿತು, ಮೇಲುಸೇತುವೆ ಬಂತು, ಗೊಣಗಾಟ ನಿಂತಿತು. ಅದರ ಜೊತೆಗೆ ದೇವನಹಳ್ಳಿಯೂ ಮಾತಿನಿಂದ ಉದುರಿಹೋಯಿತು. 2013ರ ಕೊನೆಗೆ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರು. ಈಗ ಟಿಕೆಟ್ಟಿನ ಮೇಲೆ ಬೆಂಗಳೂರು, ಬೋರ್ಡಿನ ಮೇಲೆ ಕೆಂಪೇಗೌಡ.

ಬೆಂಗಳೂರಿನಿಂದ ಉತ್ತರಕ್ಕೆ ನಲವತ್ತು ಕಿಲೋಮೀಟರಿನಷ್ಟು ದೂರದ ಈ ಪುರಸಭೆಯ ಊರಿಗೆ ಇದು ಹೊಸ ಅನುಭವವೇನಲ್ಲ. ಇಲ್ಲಿ ಹುಟ್ಟಿದ್ದು, ಬೆಳೆದದ್ದು ಬೇರೆ ಊರಿನ ಹೆಸರಿನಲ್ಲಿ ಪ್ರಸಿದ್ಧವಾಗುವುದು ಐನೂರು ವರ್ಷಗಳಿಂದ ನಡೆದುಕೊಂಡು ಬಂದಿದೆ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 28 ಸಾವಿರ. ಈಗ ಸುತ್ತಲಿನ ಲೇಔಟುಗಳನ್ನು ನೋಡಿದರೆ ಆ ಲೆಕ್ಕವನ್ನು ಯಾರೂ ನಂಬಲಾರರು. ಆದರೆ ಕೋಟೆಯ ಒಳಗೆ ಹೊಕ್ಕರೆ ಅಷ್ಟೂ ಜನ ಎಲ್ಲಿದ್ದಾರೆ ಎಂದು ಕೇಳಬೇಕೆನಿಸುತ್ತದೆ.

ಊರಿನ ಕಥೆ ಆವತಿಯಿಂದ ಶುರುವಾಗಬೇಕು. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೆದ್ದಾರಿಯಲ್ಲಿ ಸ್ವಲ್ಪ ಹೋದರೆ ಸಿಗುವ ಹಳ್ಳಿ ಅದು. ಕಂಚಿಯ ಸೀಮೆಯಿಂದ ಏಳು ಜನ ಅಣ್ಣತಮ್ಮಂದಿರು ಸಂಸಾರ ಸಮೇತ ಬಂಡಿ ಕಟ್ಟಿಕೊಂಡು ಬಂದರಂತೆ. ಮನೆಯ ಹೆಣ್ಣುಮಗಳನ್ನು ಕೇಳಿದ ಬಲಾಢ್ಯನೊಬ್ಬನ ಕಾಟ ತಾಳದೆ ರಾತ್ರೋರಾತ್ರಿ ಊರು ಬಿಟ್ಟವರು ಎಂಬುದು ಐತಿಹ್ಯ. ನಂದಿಬೆಟ್ಟಗಳ ಸಾಲಿನ ಬುಡದಲ್ಲಿ ಬಂಡಿ ಬಿಚ್ಚಿದರು. ಅವರ ಮುಖಂಡ ರಣಭೈರೇಗೌಡ. ಈ ಮೊರಸು ಒಕ್ಕಲಿಗರ ಮನೆತನವೇ ಮುಂದೆ ಆವತಿ ನಾಡಪ್ರಭುಗಳೆಂದು ಹೆಸರಾಯಿತು. ಮನೆತನ ಬೆಳೆದಂತೆ ಕವಲುಗಳು ಒಡೆದವು. ಒಂದು ಕವಲು ಯಲಹಂಕಕ್ಕೆ ಇಳಿಯಿತು. ಬೆಂಗಳೂರು ಕಟ್ಟಿದ ಕೆಂಪೇಗೌಡ ಆ ಕವಲಿನವನು. ಇನ್ನೊಂದು ಕವಲಿನ ಮಲ್ಲಭೈರೇಗೌಡ 1501ರಲ್ಲಿ ದೇವನದೊಡ್ಡಿ ಎಂಬ ಜಾಗದಲ್ಲಿ ಮಣ್ಣಿನ ಕೋಟೆ ಹಾಕಿದ. ದೊಡ್ಡಿ ಹಳ್ಳಿಯಾಯಿತು, ದೇವನದೊಡ್ಡಿ ದೇವನಹಳ್ಳಿಯಾಯಿತು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಹುಟ್ಟಿನ ಕಥೆಯೂ ಇದೇ ಮನೆತನಕ್ಕೆ ಅಂಟಿಕೊಂಡಿದೆ.

2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಅಂಗಳದಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ ನಿಂತಿತು. ರಾಜಧಾನಿ ಕಟ್ಟಿದವನನ್ನು ರಾಜಧಾನಿಯಿಂದ ಇಷ್ಟು ದೂರ ತಂದು ನಿಲ್ಲಿಸಿದರಲ್ಲ ಎಂದು ಹಲವರು ಆಡಿಕೊಂಡರು. ದೂರವೇನೂ ಅಲ್ಲ, ತಾತನ ಮನೆ ಪಕ್ಕಕ್ಕೇ ಬಂದಿದ್ದಾನೆ. ಆವತಿಗೆ ಅಲ್ಲಿಂದ ಅರ್ಧ ಗಂಟೆಯ ದಾರಿಯೂ ಇಲ್ಲ. ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಮಂಜು ನೋಡಲು ಬೈಕು ಹತ್ತಿ ಓಡುವ ನೂರಾರು ಹುಡುಗರು ಆವತಿಯ ಮುಂದೆಯೇ ಹಾದುಹೋಗುತ್ತಾರೆ. ನಿಲ್ಲಿಸಿದರೆ ಟೀ ಕುಡಿಯುವುದಕ್ಕೆ ಮಾತ್ರ.

ಮಲ್ಲಭೈರೇಗೌಡನ ಮಣ್ಣಿನ ಕೋಟೆ ಅವನ ಸಂತತಿಯವರ ಕೈಯಲ್ಲಿ ಸುಮಾರು ಎರಡೂವರೆ ಶತಮಾನ ಇತ್ತು. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಮುತ್ತಿಗೆ ಅದು. ಅಣ್ಣನ ತುಕಡಿಯ ಜೊತೆ, ಯಾವ ಹುದ್ದೆಯೂ ಇಲ್ಲದೆ, ತಾನಾಗಿ ಬಂದಿದ್ದ ಒಬ್ಬ ಯುವಕ ಅಲ್ಲಿ ದಳವಾಯಿಯ ಕಣ್ಣಿಗೆ ಬಿದ್ದ. ಓದುಬರಹ ಬಾರದವನು, ಬೇಟೆಯ ಹುಚ್ಚಿನವನು, ಆದರೆ ಗುಂಡಿನ ನಡುವೆ ನಿಂತು ಅಲುಗಾಡದವನು. ಅವನ ಹೆಸರು ಹೈದರ್. ಕೋಟೆ ಬಿದ್ದ ಮೇಲೆ ಅವನಿಗೆ ಸಿಕ್ಕ ಬಹುಮಾನ 50 ಕುದುರೆ, 200 ಕಾಲಾಳುಗಳ ನಾಯಕತ್ವ, ದೇವನಹಳ್ಳಿ ಕೋಟೆಯ ಒಂದು ಬಾಗಿಲಿನ ಕಾವಲು. ಬರೀ ಒಂದು ಬಾಗಿಲು. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಆ ಬಾಗಿಲು ಕಾಯುವವನ ಹಿಡಿತಕ್ಕೆ ಇಡೀ ಮೈಸೂರು ಬಂತು.

ಮರುವರ್ಷ ಮೈಸೂರು ಸೇನೆ ತಮಿಳು ಸೀಮೆಯ ಜಗಳಕ್ಕೆ ಹೋದಾಗ, ಜಿಂಜಿಯ ಬಳಿ ನಿಜಾಮ ನಾಸಿರ್ ಜಂಗ್ ಕೊಲೆಯಾಗಿ ಅವನ ಪಾಳೆಯದಲ್ಲಿ ಗೊಂದಲ ಎದ್ದಿತು. ಹೈದರನ ಬೇಡರ ಪಡೆ ಒಂಟೆಗಳ ಮೇಲಿದ್ದ ಚಿನ್ನದ ನಾಣ್ಯದ ಮೂಟೆಗಳನ್ನು ಹಾರಿಸಿಕೊಂಡು ಬಂತು. ಆ ಹಣ ದೇವನಹಳ್ಳಿಗೆ ಬಂದು ಸೈನ್ಯವಾಯಿತು. ಫ್ರೆಂಚರ ಬಳಿ ಕಲಿತ ಕವಾಯತು, ಬಂದೂಕು, ಸಂಬಳದ ಲೆಕ್ಕ ಎಲ್ಲವನ್ನೂ ಅವನು ಮೊದಲು ಇಲ್ಲಿ ಪ್ರಯೋಗ ಮಾಡಿದ. ಶ್ರೀರಂಗಪಟ್ಟಣದ ಇತಿಹಾಸದ ಮೊದಲ ಪುಟಗಳು ದೇವನಹಳ್ಳಿಯಲ್ಲಿ ಬರೆದಂಥವು ಎಂದರೆ ಉತ್ಪ್ರೇಕ್ಷೆ ಆಗಲಾರದು.

ಈ ದಿನಗಳಲ್ಲೇ, 1751ರಲ್ಲಿ, ಹೈದರನ ಹೆಂಡತಿ ಫಾತಿಮಾ ಫಕ್ರುನ್ನಿಸಾಗೆ ಇಲ್ಲಿ ಗಂಡುಮಗು ಹುಟ್ಟಿತು. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ದರ್ಗಾದ ಸಂತನ ಹೆಸರನ್ನು ಮಗುವಿಗೆ ಇಟ್ಟರು. ಟಿಪ್ಪು ತಾನು ದೊರೆಯಾದ ಮೇಲೆ ಊರಿಗೆ ಯೂಸುಫಾಬಾದ್ ಎಂದು ಮರುನಾಮಕರಣ ಮಾಡಿದ. ಜನ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಸರು ಕಳೆದುಕೊಳ್ಳುವುದರಲ್ಲಿ ಪಳಗಿದ ಊರು ಹಟ ಹಿಡಿದು ತನ್ನ ಹೆಸರು ಉಳಿಸಿಕೊಂಡ ಸಂದರ್ಭ ಅದೊಂದೇ ಇರಬೇಕು.

ಟಿಪ್ಪು ಹುಟ್ಟಿದ ಜಾಗವೆಂದು ತೋರಿಸುವಲ್ಲಿ ಅರಮನೆ ಇಲ್ಲ. ಕೋಟೆಗೆ ಹತ್ತಿರದಲ್ಲೇ ಆಳೆತ್ತರದ ಕಲ್ಲು ಕಂಬಗಳ ಒಂದು ಸಣ್ಣ ಆವರಣ, ಒಳಗೆ ಶಾಸನದ ಹಲಗೆ. ಅಷ್ಟೇ. ಅವನ ಹೆಸರೆತ್ತಿದರೆ ನಮ್ಮ ರಾಜ್ಯದಲ್ಲಿ ಇವತ್ತಿಗೂ ಆಗುವ ಗದ್ದಲಕ್ಕೂ ಈ ಪುಟ್ಟ ಕಲ್ಲುಮಂಟಪದ ಮೌನಕ್ಕೂ ತಾಳೆಯೇ ಆಗುವುದಿಲ್ಲ.

ಈಗ ಕಾಣುವ ಕಲ್ಲಿನ ಕೋಟೆ ಹೈದರ್–ಟಿಪ್ಪು ಕಾಲದ್ದು. ಹೆಚ್ಚುಕಡಿಮೆ ಮೊಟ್ಟೆಯಾಕಾರ, ಸುಮಾರು 20 ಎಕರೆ, ಅಂಚಿನುದ್ದಕ್ಕೂ ಅರ್ಧಚಂದ್ರದಂಥ ಹನ್ನೆರಡು ಕೊತ್ತಲಗಳು. ಚೆನ್ನಾಗಿ ಕೆತ್ತಿದ ಕಲ್ಲಿನ ಮೇಲೆ ಇಟ್ಟಿಗೆ, ಗಾರೆಯ ಕೈಪಿಡಿ ಗೋಡೆ. ಅದರಲ್ಲಿ ಬಂದೂಕು ತೂರಿಸಲು ಕಂಡಿಗಳು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಾಗಿಲು. ಕಾರು ಬಂದರೆ ಎದುರಿನ ಬೈಕು ಕಾಯಬೇಕಾದಷ್ಟು ಕಿರಿದು. ಹೈದರ್ ಕಾದದ್ದು ಎರಡರಲ್ಲಿ ಯಾವುದನ್ನು ಎಂದು ಊಹಿಸುತ್ತ ನಿಂತರೆ ಹಿಂದಿನಿಂದ ಹಾರನ್ ಬೀಳುತ್ತದೆ. ಗೋಡೆಯ ಮೇಲೆ ನಡೆದಾಡಬಹುದು. ಸಂಜೆ ಹುಡುಗರು ಮೊಬೈಲು ಹಿಡಿದು ಕೂತಿರುತ್ತಾರೆ.

ಇದು ಖಾಲಿ ಕೋಟೆಯಲ್ಲ, ಒಳಗೆ ಸಂಸಾರಗಳಿವೆ. ಬಟ್ಟೆ ಒಣಗುತ್ತದೆ, ಬಾಗಿಲ ಮುಂದೆ ರಂಗೋಲಿ ಬೀಳುತ್ತದೆ. ಹೈದರ್, ಟಿಪ್ಪು, ಕೃಷ್ಣರಾಜ ಒಡೆಯರ್ ಮೂವರ ಕಾಲದಲ್ಲೂ ಆಡಳಿತ ಕಂಡ ದಿವಾನ್ ಪೂರ್ಣಯ್ಯನವರು ಇದ್ದರೆಂದು ಹೇಳುವ ಮನೆಯ ಅವಶೇಷವೂ ಇಲ್ಲಿದೆ. ದೇವಸ್ಥಾನಗಳಿಗೆ ಕೊರತೆಯೇ ಇಲ್ಲ. ನೋಡಲೇಬೇಕಾದದ್ದು ವೇಣುಗೋಪಾಲಸ್ವಾಮಿಯ ಗುಡಿ. ಅಗಲವಾದ ಅಂಗಳ, ಮುಂದೆ ಗರುಡಗಂಬ, ಹೊರಗೋಡೆಯ ಸುತ್ತ ರಾಮಾಯಣದ ಕಥೆ, ಕೃಷ್ಣನ ಬಾಲಲೀಲೆ. ಬೇಲೂರು ಹಳೇಬೀಡಿನ ನುಣುಪನ್ನು ಇಲ್ಲಿ ಹುಡುಕಬಾರದು. ಇದು ಗಡಸು ಕಲ್ಲು, ಉಳಿ ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಆದರೂ ಕಪಿಗಳ ಮುಖದಲ್ಲಿ ಶಿಲ್ಪಿ ತಂದಿರುವ ತುಂಟತನಕ್ಕೆ ನಗು ಬರುತ್ತದೆ. ಟಿಪ್ಪು ಹುಟ್ಟಿದ ಊರಿನ ಕೋಟೆಯೊಳಗೆ ಈ ಗುಡಿ ಮುಕ್ಕಾಗದೆ ನಿಂತಿದೆ ಎಂಬುದನ್ನು ಎರಡೂ ಕಡೆಯ ವಾದಿಗಳು ತಮಗೆ ಬೇಕಾದ ಹಾಗೆ ಬಳಸಿಕೊಳ್ಳಬಹುದು. ಪೂಜೆಗೆ ಬರುವವರು ಆ ತಂಟೆಗೆ ಹೋದದ್ದನ್ನು ನಾನು ಕಂಡಿಲ್ಲ.

1791ರಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಉತ್ತರಕ್ಕೆ ಹೊರಟು ದೇವನಹಳ್ಳಿಯನ್ನೂ ತೆಗೆದುಕೊಂಡ. ಅಲ್ಲಿಗೆ ಕೋಟೆಯ ಯುದ್ಧದ ಕೆಲಸ ಮುಗಿಯಿತು. ಆಮೇಲಿನ ಶತಮಾನದಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ರಾಗಿ, ಹುರುಳಿ, ಕೆರೆ, ಸಂತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡೂವರೆ ಅಡಿ ಹಳಿಯ ಪುಟ್ಟ ರೈಲು ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ಕೋಲಾರದ ಕಡೆಗೆ ಓಡಾಡತೊಡಗಿತು. ಅದರ ಕಲ್ಲುಕಟ್ಟಡದ ಸ್ಟೇಷನ್ನುಗಳು ಆ ದಾರಿಯಲ್ಲಿ ಇನ್ನೂ ಇವೆ. ಹಳಿ ಅಗಲವಾಯಿತು. 2021ರಲ್ಲಿ ಇದೇ ಹಾದಿಯಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ಹಾಲ್ಟ್ ಸ್ಟೇಷನ್ನು ಹುಟ್ಟಿತು.

ಊರಿನ ಹೆಸರನ್ನು ಬಿಡದೆ ಹೊತ್ತಿರುವ ಒಂದೇ ವಸ್ತು ಚಕ್ಕೋತ. ಎಳೆಯ ಮಗುವಿನ ತಲೆಯಷ್ಟು ದಪ್ಪದ ಹಣ್ಣು, ಬೆರಳು ದಪ್ಪದ ಸಿಪ್ಪೆ, ಒಳಗೆ ನಸುಗೆಂಪು ತೊಳೆ. ಬೇರೆ ಕಡೆಯ ಚಕ್ಕೋತದಲ್ಲಿ ಇರುವ ಕಹಿ ಇದರಲ್ಲಿ ಇಲ್ಲ. ಅದಕ್ಕೆ ಕಾರಣ ಇಲ್ಲಿನ ಕೆಂಪು ಮಣ್ಣು ಎನ್ನುತ್ತಾರೆ ಬೆಳೆದವರು. ‘ದೇವನಹಳ್ಳಿ ಚಕ್ಕೋತ’ಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಮನ್ನಣೆ ಬರುವ ಹೊತ್ತಿಗೆ ಮರಗಳು ಕರಗುತ್ತಿದ್ದವು. ವಿಮಾನ ನಿಲ್ದಾಣ ನುಂಗಿದ್ದು ಸುಮಾರು 4,000 ಎಕರೆ; ಅದರ ಬೆನ್ನಿಗೆ ಸೈಟುಗಳ ಹುಚ್ಚು. ಎಕರೆಗೆ ಕೋಟಿ ಎಣಿಸುವಾಗ ಮನೆ ಹಿತ್ತಲಿನ ಚಕ್ಕೋತದ ಮರ ಯಾವ ಲೆಕ್ಕ? ಅಲಂಕಾರಕ್ಕೆಂದು ನಿಲ್ದಾಣದವರೇ ಚಕ್ಕೋತದ ಸಸಿ ನೆಟ್ಟಿದ್ದಾರೆ. ಒಳ್ಳೆಯದೇ. ಆದರೆ ಅಲ್ಲಿ ಸಿಪ್ಪೆಯನ್ನು ಟೋಪಿ ಮಾಡಿ ತಲೆಗೆ ಹಾಕಿಕೊಳ್ಳಲು ಮಕ್ಕಳಿಲ್ಲ.

ಚಕ್ಕೋತಕ್ಕಿಂತ ಹಳೆಯ ಮರಗಳನ್ನು ನೋಡಬೇಕಾದರೆ ಇದೇ ತಾಲ್ಲೂಕಿನ ನಲ್ಲೂರಿಗೆ ಹೋಗಬೇಕು. 54 ಎಕರೆಯ ಹುಣಸೆ ತೋಪು, ಮುನ್ನೂರರ ಆಸುಪಾಸಿನ ಮರಗಳು. 2007ರಲ್ಲಿ ಇದು ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಚೋಳರ ಕಾಲದ್ದೆಂದು ಊರವರ ನಂಬಿಕೆ. ಒಂದೊಂದು ಬೊಡ್ಡೆಯೂ ಟೊಳ್ಳಾಗಿ, ಮುರುಟಿ, ಇನ್ನೊಂದು ಮರವನ್ನೇ ಒಳಗಿನಿಂದ ಹುಟ್ಟಿಸಿಕೊಂಡು ನಿಂತಿದೆ. ಸತ್ತಿತು ಅಂದುಕೊಂಡ ಕೊಂಬೆ ನೆಲ ಮುಟ್ಟಿ ಅಲ್ಲೇ ಚಿಗುರಿದೆ. ನಡುವೆ ಪಾಳು ಗುಡಿಯೊಂದಿದೆ. ಮಧ್ಯಾಹ್ನವೂ ತಂಪು. ಸಂಜೆ ಆರಾದರೆ ಹುಣಸೆ ಮರದಡಿ ನಿಲ್ಲಬಾರದೆಂಬ ಅಜ್ಜಿಯ ಮಾತು ತಾನಾಗಿ ನೆನಪಾಗುತ್ತದೆ.

ಭೂಮಿಯ ಮಾತು ಬಂದ ಮೇಲೆ ಚನ್ನರಾಯಪಟ್ಟಣವನ್ನು ಬಿಡುವಂತಿಲ್ಲ. ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿನ ಹೋಬಳಿ. ಅಲ್ಲಿನ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಾಗ, 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ನೆಲ. ಧರಣಿ ಮೂರು ವರ್ಷ ದಾಟಿತು, ಸರ್ಕಾರ ಬದಲಾಯಿತು, ಧರಣಿ ಮುಂದುವರಿಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವೆಂದು ಘೋಷಿಸಿದರು. ಈ ಸೀಮೆಯ ಮುತ್ತಿಗೆಗಳ ಚರಿತ್ರೆಯಲ್ಲಿ ಒಳಗಿದ್ದವರು ಗೆದ್ದದ್ದು ಅಪರೂಪ.

ಅದೇ ಜುಲೈನಲ್ಲಿ ಇನ್ನೊಂದು ತೀರ್ಮಾನವಾಯಿತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದರೂ ಅದರ ಕಚೇರಿ ದಶಕಗಳ ಕಾಲ ಬೆಂಗಳೂರು ನಗರದಲ್ಲೇ ಇತ್ತು. ಪಹಣಿಯ ತಕರಾರಿಗೆ ಹಳ್ಳಿಯವರು ಮೆಜೆಸ್ಟಿಕ್ ಬಸ್ಸು ಹತ್ತಬೇಕಿತ್ತು. ಕೊನೆಗೆ ಜಿಲ್ಲಾಡಳಿತ ಭವನ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಬಂತು. ಇನ್ನಾದರೂ ಜಿಲ್ಲೆಗೆ ಈ ಊರಿನ ಹೆಸರು ಬಂದೀತೆಂದು ಆಸೆಪಟ್ಟವರಿದ್ದರು. ನಂದಿಬೆಟ್ಟದ ಮೇಲೆ ಸೇರಿದ ಸಚಿವ ಸಂಪುಟ ‘ಬೆಂಗಳೂರು ಉತ್ತರ’ ಎಂದಿತು.

ನೀವು ಹೋಗುವುದಾದರೆ ಬೆಳಿಗ್ಗೆ ಹೋಗಿ, ಬಿಸಿಲೇರುವ ಮೊದಲು ಕೋಟೆ ಸುತ್ತಿ, ಗುಡಿಯ ಬಾಗಿಲು ಹಾಕುವ ಮುಂಚೆ ವೇಣುಗೋಪಾಲನ ದರ್ಶನ ಮುಗಿಸಿ. ಬರುವಾಗ ರಸ್ತೆ ಬದಿಯಲ್ಲಿ ಚಕ್ಕೋತ ರಾಶಿ ಹಾಕಿದ್ದರೆ ಗಾತ್ರ ನೋಡಿ ಮೋಸಹೋಗಬೇಡಿ. ಕೈಯಲ್ಲಿ ಎತ್ತಿ ತೂಗಿ ನೋಡಿ, ಭಾರವಿರುವುದನ್ನು ಆರಿಸಿ. ಯಾವ ಊರಿನ ಹಣ್ಣು ಎಂದೂ ಒಮ್ಮೆ ಕೇಳಿ.